ಎಡಗಡೆಯ ಕನ್ನಡಿ

“ಕೈ ಮುಗ್ದು ನಿಂತ್ಕೊ, ಅಷ್ಟು ಸಾಕು. ಚೀಟಿಲಿ ಇರೋದ್ನ ಹಂಗೇ ಓದು,” ಎಂದು ಶಿವರಾಜ್ ಮೊಬೈಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ.

ಭೀಮರಾಯ ಟ್ಯಾಂಕರಿನ ಮುಂದೆ ಕೈ ಇಳಿಬಿಟ್ಟುಕೊಂಡು ನಿಂತಿದ್ದ. ಕುಮಾರಸ್ವಾಮಿ ಲೇಔಟಿನ ತುದಿಯಲ್ಲಿ ಶಿವರಾಜನ ಬೋರ್‌ವೆಲ್ ಇದ್ದ ಸೈಟು ಅದು. ಮೇಲಿನ ಪೈಪಿನಿಂದ ಟ್ಯಾಂಕಿನೊಳಕ್ಕೆ ನೀರು ಧುಮುಕುವ ಸದ್ದಿನಲ್ಲಿ ಪಕ್ಕದವರ ಮಾತು ಕೇಳಬೇಕಾದರೂ ಹತ್ತಿರ ಹೋಗಬೇಕಿತ್ತು. ಚೀಟಿಯಲ್ಲಿ ನಾಲ್ಕು ಸಾಲು ಇದ್ದವು. ನನ್ನ ಅಜಾಗರೂಕತೆಯಿಂದ ಹೀಗಾಯಿತು, ಇನ್ನು ಮುಂದೆ ಹೀಗೆ ಮಾಡುವುದಿಲ್ಲ, ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು ಎಂದು ಶಿವರಾಜ್ ತಾನೇ ಕೂತು ಬರೆದಿದ್ದ. ಭೀಮರಾಯ ಚೀಟಿಯನ್ನು ಒಮ್ಮೆ ಓದಿಕೊಂಡ, ನಾಲ್ಕಾಗಿ ಮಡಚಿ ಟ್ಯಾಂಕರಿನ ಬಂಪರಿನ ಮೇಲಿಟ್ಟ. ಮೊಬೈಲಿನಲ್ಲಿ ದಾಖಲಾದದ್ದು ಸುಮ್ಮನೆ ನಿಂತ ಒಬ್ಬ ಮನುಷ್ಯ ಮತ್ತು ನೀರಿನ ಸದ್ದು, ಅಷ್ಟೇ.

“ಇದು ನಾ ಓದೂದಿಲ್ರಿ ಸಾಹುಕಾರ್ರ,” ಎಂದ.

ನಡೆದದ್ದು ನಾಲ್ಕು ದಿನದ ಹಿಂದೆ. ಸುಬ್ರಹ್ಮಣ್ಯಪುರದ ಒಂದು ಅಪಾರ್ಟ್‌ಮೆಂಟಿಗೆ ಭೀಮರಾಯ ದಿನಾ ಎರಡು ಲೋಡು ನೀರು ಹಾಕುತ್ತಿದ್ದ. ಅಂದು ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮುಖ್ಯರಸ್ತೆಯಿಂದ ಆ ಅಪಾರ್ಟ್‌ಮೆಂಟಿನ ಅಡ್ಡರಸ್ತೆಗೆ ಎಡಕ್ಕೆ ತಿರುಗಬೇಕಿತ್ತು. ದೂರದಿಂದಲೇ ಇಂಡಿಕೇಟರ್ ಹಾಕಿ, ಗೇರು ಇಳಿಸಿ, ನಡೆದುಹೋಗುವವನ ವೇಗಕ್ಕೆ ಬಂದಿದ್ದ. ಇನ್ನೇನು ಮೂತಿ ತಿರುಗಿತು ಎನ್ನುವಾಗ ಟ್ಯಾಂಕರಿಗೂ ಮೋರಿಯ ಕಲ್ಲಿಗೂ ನಡುವೆ ಉಳಿದಿದ್ದ ಮಾರುದ್ದದ ಸಂದಿಯಲ್ಲಿ ಏನೋ ಕೆರೆದ ಸದ್ದು ಕೇಳಿತು. ಅವನು ಕಂಡು ಬ್ರೇಕ್ ಒತ್ತಲಿಲ್ಲ, ಕೇಳಿ ಒತ್ತಿದ. ಹನ್ನೆರಡು ಸಾವಿರ ಲೀಟರ್ ನೀರು ಹಿಂದಿನಿಂದ ಬಂದು ಗುದ್ದಿತು, ಇಡೀ ಗಾಡಿ ಒಮ್ಮೆ ತೂಗಿ ನಿಂತಿತು. ಇಳಿದು ಓಡಿದಾಗ ಸ್ಕೂಟರ್ ಅಡ್ಡ ಬಿದ್ದಿತ್ತು. ಅದರಾಚೆ ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗಿಯೊಬ್ಬಳು ಬಲಗೈಯನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಟ್ಯಾಂಕರಿನ ಹಿಂದಿನ ಚಕ್ರ ಅವಳ ಮೊಣಕಾಲಿನಿಂದ ಒಂದು ಗೇಣು ಆಚೆಗಿತ್ತು.

ಅವಳನ್ನು ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದ್ದು ಭೀಮರಾಯನೇ. ಮುಂಗೈ ಮೂಳೆ ಮುರಿದಿತ್ತು, ಬೇರೇನೂ ಆಗಿರಲಿಲ್ಲ. ಅವಳ ಹೆಸರು ಲಿಖಿತಾ, ಅದೇ ಅಪಾರ್ಟ್‌ಮೆಂಟಿನವಳು, ಜೆ.ಪಿ. ನಗರದ ಯಾವುದೋ ಆಫೀಸಿನಲ್ಲಿ ಕೆಲಸ ಎನ್ನುವುದೆಲ್ಲ ಆಮೇಲೆ ತಿಳಿಯಿತು. ಪೊಲೀಸಿಗೆ ಹೋಗುವುದು ಬೇಡ ಎಂದವಳೂ ಅವಳೇ. ಆದರೆ ಸಂಜೆಯ ಹೊತ್ತಿಗೆ ಅವಳ ತಾಯಿ ಕಮಲಾದೇವಿ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ, ದಾರಿಯಲ್ಲಿದ್ದವರ್ಯಾರೋ ತೆಗೆದಿದ್ದ ಟ್ಯಾಂಕರಿನ ಫೋಟೋ, ಅದರ ಮುಂದೆ ದಿಕ್ಕೆಟ್ಟು ನಿಂತ ಭೀಮರಾಯನ ಫೋಟೋ ಎರಡನ್ನೂ ಹಾಕಿದ್ದರು. ಕೆಳಗೆ, ಡ್ರೈವರ್ ಕುಡಿದಿದ್ದ, ಫೋನಿನಲ್ಲಿ ಮಾತಾಡುತ್ತ ನನ್ನ ಮಗಳ ಮೇಲೆ ಗಾಡಿ ಹತ್ತಿಸಲು ಬಂದ ಎಂದು ಬರೆದಿದ್ದರು. ಫೋಟೋ ಆ ಗ್ರೂಪಿನಿಂದ ಇನ್ನೊಂದಕ್ಕೆ ಹಾರಿತು. ಮೂರನೆಯ ದಿನ ಬಿಟಿಎಂನಲ್ಲಿ ಅವನ ಹೆಂಡತಿ ಯಲ್ಲವ್ವ ರೊಟ್ಟಿ ಬಡಿಯುವ ಖಾನಾವಳಿಯ ಹುಡುಗಿಯರ ಮೊಬೈಲಿಗೂ ಬಂತು.

ಭೀಮರಾಯನಿಗೆ ನಲವತ್ತೇಳು ವರ್ಷ. ಸಿಂದಗಿ ಕಡೆಯವನು. ಬೆಂಗಳೂರಿಗೆ ಬರುವ ಮುಂಚೆ ಸೊಲ್ಲಾಪುರ, ಪುಣೆ ಎಂದು ಹದಿನೈದು ವರ್ಷ ಲಾರಿ ಓಡಿಸಿದ್ದ. ಘಾಟಿನಲ್ಲಿ, ಮಂಜಿನಲ್ಲಿ ಓಡಿಸುವಾಗ ಆಗದಷ್ಟು ದಣಿವು ಇಲ್ಲಿನ ಆರು ಕಿಲೋಮೀಟರಿನಲ್ಲಿ ಆಗುತ್ತಿತ್ತು. ಬ್ರೇಕಿಗೆ ಬೇಕೆಂದು ಅವನು ಮುಂದೆ ಬಿಟ್ಟ ಜಾಗ ಕಾರಿನವರಿಗೆ ತಮಗಾಗಿಯೇ ಬಿಟ್ಟ ಜಾಗದಂತೆ ಕಾಣುತ್ತಿತ್ತು. ಒಬ್ಬ ನುಗ್ಗಿದ ಮೇಲೆ ಅವನು ಮತ್ತೆ ಜಾಗ ಬಿಡುತ್ತಿದ್ದ, ಅಲ್ಲಿಗೆ ಇನ್ನೊಬ್ಬ ನುಗ್ಗುತ್ತಿದ್ದ. ಬಲದಿಂದ ಹಿಂದೆ ಹಾಕಿ ಬಂದವರು ಅವನ ಮೂತಿಯ ಮುಂದೆಯೇ ಎಡಕ್ಕೆ ಹೊರಳಿ ಬೇಕರಿಯ ಮುಂದೆ ನಿಲ್ಲಿಸುತ್ತಿದ್ದರು. ಒನ್‌ವೇಯಲ್ಲಿ ಎದುರು ಬಂದವರು ಅವನಿಗೇ ಕಣ್ಣು ಕಾಣುವುದಿಲ್ಲವೇ ಎಂದು ಕೇಳುತ್ತಿದ್ದರು. ದಿನಕ್ಕೆ ಹತ್ತು ಜನರನ್ನಾದರೂ ಅವನ ಬಲಗಾಲು ಉಳಿಸುತ್ತಿತ್ತು. ಉಳಿದದ್ದು ಅವರಿಗೆ ಗೊತ್ತಾಗುತ್ತಿರಲಿಲ್ಲ, ಏಕೆಂದರೆ ಏನೂ ಆಗಿರುತ್ತಿರಲಿಲ್ಲ.

ಶಿವರಾಜ್ ಕೆಟ್ಟವನಲ್ಲ. ಅವನಿಗಿದ್ದದ್ದು ಮೂರು ಟ್ಯಾಂಕರ್, ಮತ್ತು ಆ ಅಪಾರ್ಟ್‌ಮೆಂಟು ಅವನ ದೊಡ್ಡ ಗಿರಾಕಿ. ಭಾನುವಾರ ಅವರ ಮೀಟಿಂಗಿದೆ, ಅಷ್ಟರೊಳಗೆ ಡ್ರೈವರ್ ಕ್ಷಮೆ ಕೇಳದಿದ್ದರೆ ಬೇರೆ ಕಡೆಯಿಂದ ನೀರು ತರಿಸುತ್ತೇವೆ ಎಂದು ಕಾರ್ಯದರ್ಶಿ ಫೋನ್ ಮಾಡಿದ್ದರು. ಒಂದು ನಿಮಿಷದ ವಿಡಿಯೋಗೆ ನಿನ್ನ ಗಂಟೇನು ಹೋಗುತ್ತದೆ ಎಂದು ಅವನು ಭೀಮರಾಯನನ್ನು ಬೈದು ನೋಡಿದ, ಹೆಗಲ ಮೇಲೆ ಕೈ ಹಾಕಿ ನೋಡಿದ. ಭೀಮರಾಯ ಅವನ ಮುಖ ನೋಡದೆ ಟ್ಯಾಂಕರಿನ ಎಡಗಡೆ ನೋಡುತ್ತಿದ್ದ. ಅಲ್ಲಿ ಉದ್ದ ಕನ್ನಡಿಯ ಕೆಳಗೆ ಹೊಸದೊಂದು ಗುಂಡು ಕನ್ನಡಿ, ಅಂಚಿನ ಪ್ಲಾಸ್ಟಿಕ್ ಕಾಗದವನ್ನೂ ಕೀಳದೆ, ಫಳಫಳ ಹೊಳೆಯುತ್ತಿತ್ತು.

ಗಾಡಿಯ ಮಗ್ಗುಲನ್ನು ಬುಡದವರೆಗೂ ತೋರಿಸುವುದು ಆ ಗುಂಡು ಕನ್ನಡಿಯೇ. ಹಳೆಯದನ್ನು ಎರಡು ತಿಂಗಳ ಹಿಂದೆ ಬನಶಂಕರಿಯಲ್ಲಿ ಸಂದಿಗೆ ನುಗ್ಗಿದ ಆಟೋದವನೊಬ್ಬ ಕಿತ್ತುಕೊಂಡು ಹೋಗಿದ್ದ. ಭೀಮರಾಯ ಮೂರು ಸಲ ಹೇಳಿದ್ದ. ನೋಡೋಣ, ಹಾಕಿಸೋಣ ಎಂದು ಶಿವರಾಜ್ ಮೂರು ಸಲವೂ ಹೇಳಿದ್ದ. ಹುಡುಗಿ ಬಿದ್ದ ಮಾರನೆಯ ದಿನ, ಯಾರೂ ಕೇಳದೆ, ಕನ್ನಡಿ ಬಂದು ಕೂತಿತ್ತು.

ರಾತ್ರಿಯ ಊಟಕ್ಕೆ ಕೂತಾಗ ಅವನು ಇದನ್ನೆಲ್ಲ ಯಲ್ಲವ್ವನಿಗೆ ಹೇಳಿದ. ಅವಳ ತಂದೆ ಕುಡಿದು ಕುಡಿದು ಮನೆ ಹಾಳು ಮಾಡಿ ಸತ್ತವನು. ಮದುವೆಯ ದಿನ ಅವಳು ಭೀಮರಾಯನಿಂದ ಬೇರೇನೂ ಕೇಳಿರಲಿಲ್ಲ, ಇದೊಂದನ್ನು ಮುಟ್ಟಬಾರದು ಎಂದು ಕೇಳಿದ್ದಳು. ಅವನು ಮುಟ್ಟಿರಲಿಲ್ಲ.

“ನೀವು ಕೈ ಮುಗದ್ರಿ ಅಂದ್ರ ಕುಡದದ್ದು ಖರೇ ಆತು,” ಎಂದಳು ಅವಳು. “ನಾಳೆ ಆ ಹುಡುಗ್ಯಾರ ಮುಂದ ನಾ ಮತ್ತ ಕುಡುಕನ ಮನಿಯಾಕಿ ಆಗೂದು ಆಗೂದಿಲ್ಲ.” ಪಲ್ಯದ ಪಾತ್ರೆಯನ್ನು ಅವನತ್ತ ಸರಿಸಿ, “ಆದ್ರ ಕನ್ನಡಿ ಇಲ್ಲದ ಗಾಡಿ ತಗದದ್ದೂ ಖರೇ ಐತೆಲ್ಲ,” ಎಂದಳು.

ನಾಲ್ಕು ದಿನದಿಂದ ತನ್ನೊಳಗೇ ಯಾರೋ ಹೇಳುತ್ತಿದ್ದ ಮಾತನ್ನು ಅವಳು ಅಷ್ಟು ಸಲೀಸಾಗಿ ಆಡಿಬಿಟ್ಟದ್ದಕ್ಕೆ ಭೀಮರಾಯನಿಗೆ ಸಿಟ್ಟು ಬಂತು. ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದ.

ಭಾನುವಾರ ಹತ್ತು ಗಂಟೆಗೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಕಾರುಗಳ ನಡುವೆ ಇಪ್ಪತ್ತೈದು ಮೂವತ್ತು ಜನ ಕೂತಿದ್ದರು. ಕಾರ್ಯದರ್ಶಿ ಸೋಮನಾಥ್, ಬ್ಯಾಂಕಿನಿಂದ ನಿವೃತ್ತರಾದವರು, ಮಡಿಲಲ್ಲಿ ಫೈಲು ಇಟ್ಟುಕೊಂಡಿದ್ದರು. ಮುಂದಿನ ಸಾಲಿನಲ್ಲಿ ಕಮಲಾದೇವಿ, ಹಣೆಯಲ್ಲಿ ವಿಭೂತಿ, ತೊಡೆಯ ಮೇಲೆ ಮೊಬೈಲು. ಪಕ್ಕದಲ್ಲಿ ಲಿಖಿತಾ, ಪ್ಲಾಸ್ಟರ್ ಹಾಕಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ನೆಲ ನೋಡುತ್ತಿದ್ದಳು. ವಿಡಿಯೋ ಬೇಡ ಅಂದ, ಎದುರೇ ಕ್ಷಮೆ ಕೇಳ್ತಾನಂತೆ ಎಂದು ಶಿವರಾಜ್ ಮೊದಲೇ ಹೇಳಿಟ್ಟಿದ್ದ. ಬರುವಾಗ ದಾರಿಯುದ್ದಕ್ಕೂ ಭೀಮರಾಯನಿಗೆ, ನಾಲ್ಕು ಮಾತು ಆಡಿ ಮುಗಿಸು ಎಂದು ಬೇಡಿಕೊಂಡಿದ್ದ.

ಭೀಮರಾಯ ಎದ್ದು ನಿಂತಾಗ ಒಂದಿಬ್ಬರು ಮೊಬೈಲು ಎತ್ತಿದರು. ಎತ್ತಲಿ ಎಂದುಕೊಂಡ.

“ನಾ ಕುಡದಿದ್ದಿಲ್ಲ,” ಎಂದ. “ಜನ್ಮದಾಗ ಕುಡದಿಲ್ಲ. ಆವತ್ತು ನನ್ನ ಕೈಯಾಗ ಫೋನೂ ಇದ್ದಿಲ್ಲ. ಆ ಎರಡೂ ಮಾತಿಗೆ ನಾ ಕ್ಷಮಾ ಕೇಳೂದಿಲ್ಲ. ಇಲ್ಲೂ ಕೇಳೂದಿಲ್ಲ, ಎಲ್ಲೂ ಕೇಳೂದಿಲ್ಲ.”

ಗುಜುಗುಜು ಎದ್ದಿತು. ಹಾಗಾದರೆ ನಾನು ಸುಳ್ಳು ಹೇಳಿದೆನೇ ಎಂದು ಕಮಲಾದೇವಿ ಕೇಳಿದರು. ಫೋನಿನಲ್ಲಿ ಮಾತು ನಡೆಯುತ್ತಿತ್ತು, ಅದು ನನಗೆ ಚೆನ್ನಾಗಿ ಗೊತ್ತು ಎಂದರು. ಭೀಮರಾಯ ಅವರನ್ನು ನೋಡಿದ. ಅಂದು ಮೋರಿಯ ಪಕ್ಕ ಹುಡುಗಿಯ ಹೆಲ್ಮೆಟ್ ಬಿಚ್ಚಿದಾಗ ಅದರೊಳಗೆ ಕೆನ್ನೆಗೆ ಸಿಕ್ಕಿಸಿಕೊಂಡಿದ್ದ ಮೊಬೈಲು ಅವನ ಕೈಗೇ ಬಿದ್ದಿತ್ತು. ಲಿಖಿ, ಲಿಖಿ, ಏನಾಯ್ತೇ ಎಂದು ಒಬ್ಬ ಹೆಂಗಸು ಅದರಲ್ಲಿ ಕೂಗುತ್ತಲೇ ಇದ್ದಳು. ಆ ದನಿ ಈಗ ಗುರುತು ಸಿಕ್ಕಿತು.

“ಫೋನ್ ಯಾರ ಹಂತ್ಯಾಕ ಇತ್ತು ಅನ್ನೂದು ನನಗ ಗೊತ್ತೈತ್ರಿ ಅಮ್ಮಾರ. ನಾ ಹೇಳೂದಿಲ್ಲ,” ಎಂದ.

ಕಮಲಾದೇವಿ ಮೊಬೈಲನ್ನು ಸೆರಗಿನೊಳಗೆ ಎಳೆದುಕೊಂಡರು. ಲಿಖಿತಾ ತಲೆ ಎತ್ತಿದಳು.

“ನನ್ನ ಹತ್ರ ಇತ್ತು,” ಎಂದಳು. “ಅಮ್ಮನ ಜೊತೆನೇ ಮಾತಾಡ್ತಿದ್ದೆ. ಆಫೀಸಿನ ಕಾರ್ಡ್ ಮರ್ತು ವಾಪಸ್ ಮನೆಗೆ ಬರ್ತಿದ್ದೆ. ಲೇಟಾಗಿತ್ತು, ಸಂದಿಲಿ ನುಗ್ಗಿದೆ. ಅವರು ಇಂಡಿಕೇಟರ್ ಹಾಕಿದ್ರು, ನೋಡಿದ್ದೆ.”

ಕಮಲಾದೇವಿ ಮಗಳ ಕಡೆ ತಿರುಗಲಿಲ್ಲ. ಹೆದರಿಕೆಯಾಯ್ತು, ಕಣ್ಣೆದುರು ಇರದೆ ಬರೀ ಸದ್ದು ಕೇಳಿದರೆ ಹೇಗಿರುತ್ತೆ ನಿಮಗೇನು ಗೊತ್ತು ಎಂದು ಯಾರಿಗೋ ಎಂಬಂತೆ ಹೇಳಿದರು. ಸೋಮನಾಥ್, ಸರಿ, ತಪ್ಪು ತಿಳುವಳಿಕೆ ಆಗಿದೆ, ಇಲ್ಲಿಗೆ ಬಿಡೋಣ ಎಂದರು. ಶಿವರಾಜ್ ಆಗಲೇ ಕುರ್ಚಿಯಿಂದ ಎದ್ದಿದ್ದ. ಅವನ ಮುಖದಲ್ಲಿ ಆ ವಾರದಲ್ಲಿ ಮೊದಲ ಸಲ ನಗು ಬಂದಿತ್ತು.

ಅಲ್ಲಿಗೆ ಮುಗಿಸಿ ಹೊರಟಿದ್ದರೆ ಮುಗಿಯುತ್ತಿತ್ತು. ಭೀಮರಾಯ ಕದಲಲಿಲ್ಲ.

“ನಂದೂ ಒಂದು ತಪ್ಪು ಐತ್ರಿ,” ಎಂದ. ಎಡಗಡೆಯ ಗುಂಡು ಕನ್ನಡಿ ಎರಡು ತಿಂಗಳಿಂದ ಇರಲಿಲ್ಲವೆಂದು ಹೇಳಿದ. ಈಗ ಗಾಡಿಯಲ್ಲಿರುವುದು ಮಾರನೆಯ ದಿನ ಹಾಕಿಸಿದ್ದು ಎಂದೂ ಹೇಳಿದ. ಶಿವರಾಜ್ ಅವನ ಅಂಗಿ ಹಿಡಿದು ಎಳೆದ. ಭೀಮರಾಯ ಆ ಕೈಯನ್ನು ಮೆಲ್ಲಗೆ ಬಿಡಿಸಿದ. ಮಾಲೀಕರಿಗೆ ಮೂರು ಸಲ ಹೇಳಿದ್ದೆ, ಹಾಕಿಸುವ ತನಕ ಗಾಡಿ ತೆಗೆಯುವುದಿಲ್ಲ ಎಂದು ನಾಲ್ಕನೆಯ ಸಲ ಹೇಳಬೇಕಿತ್ತು, ಹೇಳಲಿಲ್ಲ, ಕೀಲಿ ತೆಗೆದುಕೊಂಡು ಹೊರಟೆ ಎಂದ.

ಲಿಖಿತಾ ಅವನನ್ನೇ ನೋಡುತ್ತಿದ್ದಳು. “ಆ ಮಿರರ್ ಇದ್ದಿದ್ರೆ ನಾನು ಕಾಣ್ತಿದ್ನಾ ಅಣ್ಣ?”

ಇಲ್ಲವೆಂದರೆ ಅದನ್ನು ಸುಳ್ಳು ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ಪಾರ್ಕಿಂಗಿನಲ್ಲಿದ್ದವರಲ್ಲಿ ಆ ಸೀಟಿನ ಮೇಲೆ ಕೂತವನು ಅವನೊಬ್ಬನೇ.

“ಕಾಣ್ತಿದ್ದಿ ತಂಗಿ,” ಎಂದ. “ಅದಕ್ಕ ಕ್ಷಮಾ ಕೇಳ್ತೀನಿ.” ಆಗ ಮಾತ್ರ ಅವಳೆದುರು ಕೈ ಮುಗಿದ. ಅವಳು ಎಡಗೈಯನ್ನು ಎತ್ತಿ, ಮುಗಿಯಲು ಇನ್ನೊಂದು ಕೈ ಇಲ್ಲದೆ, ಎದೆಯ ಮೇಲೆ ಇಟ್ಟುಕೊಂಡಳು.

ಆಮೇಲಿನದು ಬೇಗ ಮುಗಿಯಿತು. ಲಿಖಿತಾಳನ್ನು ಬಿಟ್ಟು ಎಲ್ಲರ ಸಿಟ್ಟೂ ಈಗ ಒಂದು ಸರಿಯಾದ ಜಾಗ ಸಿಕ್ಕಿದಂತೆ ಶಿವರಾಜನ ಮೇಲೆ ತಿರುಗಿತು. ಕನ್ನಡಿಯಿಲ್ಲದ ಗಾಡಿಯನ್ನು ಮಕ್ಕಳಿರುವ ಜಾಗಕ್ಕೆ ಕಳಿಸುತ್ತೀರಾ ಎಂದು ಕೇಳಿದವರಲ್ಲಿ ಇಬ್ಬರು ಅದೇ ಸಂದಿಯಲ್ಲಿ ದಿನಾ ಬೈಕು ನುಗ್ಗಿಸುವವರು, ಅವರ ಮುಖ ಭೀಮರಾಯನಿಗೆ ಗೊತ್ತಿತ್ತು. ನಾಳೆಯಿಂದ ನಿಮ್ಮ ನೀರು ಬೇಡ ಎಂದು ಸೋಮನಾಥ್ ಫೈಲು ಮುಚ್ಚಿದರು. ಕಮಲಾದೇವಿ ಅಷ್ಟರಲ್ಲಿ ಲಿಫ್ಟಿನ ಕಡೆಗೆ ಹೋಗಿಬಿಟ್ಟಿದ್ದರು.

ಗೇಟಿನ ಹೊರಗೆ ಶಿವರಾಜ್ ಟ್ಯಾಂಕರಿಗೆ ಒರಗಿ ನಿಂತ. ಅವನ ಕಣ್ಣಲ್ಲಿ ನೀರಿತ್ತೋ ಬೆವರೋ ತಿಳಿಯಲಿಲ್ಲ.

“ಗೆದ್ದಿದ್ದೆ ಕಣೋ. ಗೆದ್ದು ಆಗಿತ್ತು,” ಎಂದ. “ಕೀಲಿ ಕೊಡು. ನಾಳೆಯಿಂದ ಬರ್ಬೇಡ.”

ಭೀಮರಾಯ ಕೀಲಿಯನ್ನು ಕೈಗೆ ಕೊಟ್ಟ. ಎರಡನೇ ಗೇರು ಬಿಗಿಯಾಗಿದೆ, ಹೊಸಬ ಬಂದರೆ ಹೇಳಬೇಕು ಎಂದ. ಶಿವರಾಜ್ ತಾನೇ ಸೀಟು ಹತ್ತಿ ಟ್ಯಾಂಕರನ್ನು ಹೊರಡಿಸಿದ.

ಬಸ್ ಸ್ಟಾಪಿಗೆ ಹೋಗಬೇಕೆಂದರೆ ಉತ್ತರಹಳ್ಳಿ ರಸ್ತೆಯ ಉದ್ದಕ್ಕೂ ನಡೆಯಬೇಕು. ಭಾನುವಾರವಾದರೂ ಗಾಡಿಗಳು ಸಿಗ್ನಲಿನಿಂದ ಹಿಂದಕ್ಕೆ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಭೀಮರಾಯ ಫುಟ್‌ಪಾತ್ ಹತ್ತಿದ. ಈ ರಸ್ತೆಯಲ್ಲಿ ಅವನು ನಡೆದು ಹೋದದ್ದು ಇದೇ ಮೊದಲು. ಕೆಳಗಿನಿಂದ ನೋಡಿದರೆ ಎಲ್ಲವೂ ಎತ್ತರವಾಗಿ ಕಾಣುತ್ತಿತ್ತು. ಯಲ್ಲವ್ವನಿಗೆ ಏನು ಹೇಳುವುದು ಎಂದು ಯೋಚಿಸಿದ, ನಡೆದದ್ದನ್ನು ನಡೆದಂತೆ ಹೇಳುವುದು ಎಂದುಕೊಂಡ.

ನೂರು ಹೆಜ್ಜೆ ಹೋಗಿರಲಿಲ್ಲ, ಬೆನ್ನ ಹಿಂದೆಯೇ ಹಾರನ್ ಆಯಿತು. ಫುಟ್‌ಪಾತಿನ ಮೇಲೆ ಬೈಕು ಹತ್ತಿಸಿದ್ದರು. ಒಂದಲ್ಲ, ಒಂದರ ಹಿಂದೆ ಒಂದು ಮೂರು. ಮತ್ತೆ ಹಾರನ್ ಆಯಿತು, ಈ ಸಲ ಉದ್ದಕ್ಕೆ. “ಅಂಕಲ್, ಸೈಡು,” ಎಂದ ಮುಂದಿನವನು.

ಭೀಮರಾಯ ತಿರುಗಿ ನೋಡಲಿಲ್ಲ. ಕಲ್ಲುಚಪ್ಪಡಿಯ ನಟ್ಟನಡುವೆ, ತುಂಬಿದ ಗಾಡಿ ಓಡಿಸುವಾಗಿನ ಅದೇ ನಿಧಾನದಲ್ಲಿ ನಡೆದ. ಹಾರನ್ನು ಅವನ ನೆರಳಿನಂತೆ ಹಿಂದೆಯೇ ಬಂತು. ಕರೆಂಟು ಕಂಬ ದಾಟಿದ, ಮುಚ್ಚಿದ ಅಂಗಡಿಯೊಂದನ್ನು ದಾಟಿದ. ಮುಂದಿನ ಬೈಕಿನವನು ಏನೋ ಬೈದುಕೊಂಡು ದಡಕ್ಕನೆ ರಸ್ತೆಗೆ ಇಳಿದ. ಅವನ ಹಿಂದೆ ಎರಡನೆಯವನು, ಆಮೇಲೆ ಮೂರನೆಯವನು.

ಎದುರಿನಿಂದ ಸೊಪ್ಪಿನ ಚೀಲ ಹಿಡಿದ ಮುದುಕಿಯೊಬ್ಬಳು ಬರುತ್ತಿದ್ದಳು. ಭೀಮರಾಯ ಗೋಡೆಯ ಪಕ್ಕಕ್ಕೆ ಸರಿದು ನಿಂತು ಅವಳಿಗೆ ದಾರಿ ಬಿಟ್ಟ.