ಹಾಲು ಬಿಡಿಸಿದ್ದು

ಕಾಡುಗೋಡಿಯ ವಸಂತಮ್ಮನ ವಠಾರದಲ್ಲಿ ಯಾದಗಿರಿ ಕಡೆಯ ಮಹಾನಂದಾ ಗಂಡನೊಂದಿಗೆ ಬಾಡಿಗೆಗಿದ್ದಳು. ಇಬ್ಬರೂ ಕಟ್ಟಡ ಕೆಲಸದವರು. ಅವಳ ಚೊಚ್ಚಲ ಕೂಸು ಹುಟ್ಟಿದ ವಾರದಲ್ಲೇ ತೀರಿಕೊಂಡಿತ್ತು. ಎದೆಯಲ್ಲಿ ಹಾಲು ಕಟ್ಟಿ ಅವಳು ಒದ್ದಾಡುತ್ತಿದ್ದಾಗಲೇ ಪಕ್ಕದ ಕೋಣೆಯ ಭುವನೇಶ್ವರಿ ಹೆತ್ತಳು. ಹೆತ್ತವಳಿಗೆ ಬುದ್ಧಿಯ ಸ್ಥಿಮಿತ ತಪ್ಪಿತು. ಮಗಳನ್ನು ಕಂಡರೆ ಚೀರುತ್ತಿದ್ದಳು. ಗಂಡ ಅವಳನ್ನು ಚಿಕಿತ್ಸೆಗೆಂದು ತವರಿಗೆ ಕರೆದೊಯ್ದ. ಕೂಸು ಮಹಾನಂದಾಳ ಮಡಿಲಲ್ಲಿ ಉಳಿಯಿತು.

ಕೂಸಿಗೆ ವರ್ಷ ತುಂಬುವ ಹೊತ್ತಿಗೆ ಭುವನೇಶ್ವರಿ ಗುಣವಾದಳು. ಗಂಡನಿಗೆ ಪೀಣ್ಯದಲ್ಲಿ ಕೆಲಸ ಸಿಕ್ಕಿತ್ತು. ಮುಂದಿನ ವಾರ ಮಗಳನ್ನು ಕರೆದೊಯ್ಯುತ್ತೇವೆಂದು ಫೋನ್ ಬಂತು.

ವಸಂತಮ್ಮನಿಗೆ ಸಿಟ್ಟು. “ಬಿಟ್ಟೋದೋಳು ಅವ್ಳು. ನೀನ್ಯಾಕೆ ಬಿಟ್ಕೊಡ್ಬೇಕು?”

“ಆಕಿ ಬಿಟ್ಟು ಹೋಗಿಲ್ರೀ ಅಮ್ಮಾರ. ಜಡ್ಡು ಬಿಡಸಿತ್ತು,” ಎಂದಳು ಮಹಾನಂದಾ.

ಮರುದಿನ ವಸಂತಮ್ಮ ಹೋದಾಗ ಮಹಾನಂದಾ ಬೇವಿನೆಲೆ ಅರೆದು ಮೊಲೆತೊಟ್ಟಿಗೆ ಹಚ್ಚಿಕೊಳ್ಳುತ್ತಿದ್ದಳು. ಕೂಸು ತೆವಳಿ ಬಂದು ಬಾಯಿಟ್ಟಿತು, ಮುಖ ಕಿವುಚಿ ಅತ್ತಿತು. ಮತ್ತೆ ಬಂತು, ಮತ್ತೆ ಅತ್ತಿತು. ಅವಳ ಸೆರಗೆಲ್ಲ ಹಾಲಿನಿಂದ ತೊಯ್ದಿತ್ತು.

“ಇದೇನೇ ಇದು! ಅವ್ರು ಬರೋ ತನಕ ಆದ್ರೂ ಕುಡಿಸ್ಬಾರ್ದಾ?”

“ಬಿಟ್ಟುಕೊಡೂದಂದ್ರ ನಾ ಕೈ ಬಿಟ್ರ ಮುಗೀತೇನ್ರೀ? ಕೂಸೂ ನನ್ನ ಬಿಡಬೇಕಲ್ರೀ. ಇಲ್ಲಂದ್ರ ಅಲ್ಲಿ ಹೋಗಿ ನನಗಾಗಿ ಅಳತದ. ಆ ತಾಯಿ ಹೆದರತಾಳ.”

ವಸಂತಮ್ಮ ಹೊಸ್ತಿಲಲ್ಲೇ ಕುಳಿತಳು. ತಮ್ಮ ರಾಗಿ ಹೊಲ ಟೆಕ್ ಪಾರ್ಕಿಗೆ ಹೋದಾಗಿನಿಂದ ‘ಬಿಟ್ಟುಕೊಟ್ವಿ’ ಎಂಬ ಮಾತನ್ನು ಎಷ್ಟು ಸಲ ಆಡಿದ್ದಳೋ. ಅದಕ್ಕೆ ಇಷ್ಟು ಆಳವಿದೆಯೆಂದು ಗೊತ್ತಿರಲಿಲ್ಲ. ತನ್ನ ಮಗಳ ವಯಸ್ಸಿನ ಆ ಹುಡುಗಿಯೆದುರು ಎದ್ದು ಕೈಮುಗಿಯಬೇಕೆನ್ನಿಸಿತು.

ಅಂದಿನಿಂದ ವಸಂತಮ್ಮನೇ ರಾಗಿ ಗಂಜಿ ಕಾಯಿಸಿ ತಂದಳು. ಮಹಾನಂದಾ ಫೋನಿನಲ್ಲಿ ಭುವನೇಶ್ವರಿಯ ಮುಖ ತೋರಿಸಿ, “ಅವ್ವ ನೋಡು, ಅವ್ವ,” ಎನ್ನುತ್ತಾ ಉಣಿಸಿದಳು.

ಭಾನುವಾರ ಭುವನೇಶ್ವರಿ ಬಂದಳು. ಒಳಗೆ ಬರಲು ಧೈರ್ಯ ಸಾಲದೆ ಬಾಗಿಲಲ್ಲೇ ನಿಂತಳು. ಮಹಾನಂದಾ ಅವಳನ್ನು ಕೂರಿಸಿ, ಗಂಜಿಯ ಬಟ್ಟಲು ಕೈಗಿಟ್ಟು, ತಾನು ಹಿಂದೆ ಸರಿದಳು. ಕೂಸು ಇಬ್ಬರನ್ನೂ ದಿಟ್ಟಿಸಿತು. ಆಮೇಲೆ ತಾಯಿಯತ್ತ ತೆವಳಿ, “ಅವ್ವ,” ಎಂದು ಬಾಯಿ ತೆರೆಯಿತು.

ಭುವನೇಶ್ವರಿ ಅಳುತ್ತಾ ಮಹಾನಂದಾಳ ಕಾಲು ಮುಟ್ಟಲು ಬಗ್ಗಿದಳು.

“ಏ, ಮೊದಲ ಉಣಸವಾ, ಆರಿ ಹೋಗತದ.”

ಸಂಜೆ ಅವರನ್ನು ಮೆಟ್ರೊ ಹತ್ತಿಸಿ ಮಹಾನಂದಾ ಒಬ್ಬಳೇ ಬಂದಳು. ವಸಂತಮ್ಮ ಅವಳ ಕೈಹಿಡಿದು ತನ್ನ ಮನೆಯೊಳಗೆ ಕರೆದೊಯ್ದು, ತಾನೇ ಬಡಿಸಿ, ಅವಳು ಉಂಡು ಮುಗಿಸುವವರೆಗೂ ಪಕ್ಕದಲ್ಲಿ ನಿಂತೇ ಇದ್ದಳು.