ಕೈಗೆ ಹೊಡೀಬೇಡ

ವರ್ಕಿನೇಶ್ ಅಂದರೆ ಅವಳ ಭಾಷೆಯಲ್ಲಿ 'ನೀನು ಚಿನ್ನ' ಎಂದರ್ಥ. ಹೆಸರೇನೋ ಚಿನ್ನ, ಸಂಬಳ ಮಾತ್ರ ಸೊನ್ನೆ. ಇಥಿಯೋಪಿಯಾದ ದೆಸ್ಸಿಯಿಂದ ಅರಬರ ನಾಡಿನ ಅಮ್ಮಾನ್ ನಗರಕ್ಕೆ ಬಂದು ಉಮ್ ಸಖರ್ ಎಂಬ ಮೇಡಂ ಮನೆಯ ಕೆಲಸಕ್ಕೆ ಸೇರಿ ಏಳು ತಿಂಗಳಾಗುತ್ತಾ ಬಂದಿತ್ತು. ಒಂದು ದಿನಾರನ್ನೂ ಕಣ್ಣಿಂದ ಕಂಡಿರಲಿಲ್ಲ; ಪಾಸ್‌ಪೋರ್ಟು ಬಂದ ದಿನವೇ ಆ ಮನೆಯ ಬೀರು ಸೇರಿತ್ತು. ಊರಿನ ಬಸ್ ನಿಲ್ದಾಣದ ಪಕ್ಕ ಜಡೆ ಹೆಣೆಯುವ ಅಂಗಡಿ ಹಾಕಬೇಕು, ಅದಕ್ಕೆ ಈ ಸಂಬಳವೇ ಬೇಕು. ಆ ಆಸೆಗೆ ಬಿದ್ದು ಹೊಡೆತ ತಿನ್ನುತ್ತಿದ್ದಳು.

ಹೊಡೆತವೂ ಅಂಥಿಂಥದ್ದಲ್ಲ. ಲೋಟ ಒಡೆದರೆ ಚಪ್ಪಲಿ, ಅಂಗಿ ಸುಟ್ಟರೆ ಅದೇ ಇಸ್ತ್ರಿಪೆಟ್ಟಿಗೆ ಅವಳ ತೋಳಿಗೆ. ಮೆತ್ತಗಿದ್ದವರನ್ನು ಕಂಡರೆ ಮತ್ತೊಂದು ಗುದ್ದು ಅನ್ನುತ್ತಾರಲ್ಲ, ಆ ಮನೆಯಲ್ಲಿ ಅದು ದಿನಚರಿಯೇ ಆಗಿತ್ತು. ಅವಳು ಸಹಿಸಿಕೊಂಡದ್ದು ಒಂದು ಮಾತಿನ ನಂಬಿಕೆಯ ಮೇಲೆ. ತಿಂಗಳ ಕೊನೆಗೆ ಸಂಬಳ ಕೇಳಿದಾಗೆಲ್ಲ ಮೇಡಂ ತಲೆ ಎತ್ತದೆ ಅರಬ್ಬಿಯಲ್ಲಿ "ಮಾ ಫೀ ಇಶಿ" ಎಂದು ಗೊಣಗುತ್ತಿದ್ದಳು. ಇವಳ ಕಿವಿಗೆ ಬೀಳುತ್ತಿದ್ದದ್ದು ಕೊನೆಯ ಇಶಿ ಮಾತ್ರ. ಇಶಿ ಅಂದರೆ ವರ್ಕಿನೇಶಳ ಭಾಷೆಯಲ್ಲಿ 'ಆಯ್ತು, ಆಗಲಿ'. ಮೊದಲು ಕೆಲಸಕ್ಕಿದ್ದ ನಮ್ಮ ದೇಶದ ಹುಡುಗಿಯರಿಂದ ಕಲಿತಿರಬೇಕು, ಪರವಾಗಿಲ್ಲ, ಒಳ್ಳೆಯವಳೇ ಅಂದುಕೊಂಡು ಇವಳೂ "ಇಶಿ" ಎಂದು ತಲೆಯಾಡಿಸಿ ಬರುತ್ತಿದ್ದಳು.

ಆ ಶುಕ್ರವಾರ ಬೆಳಿಗ್ಗೆ ತಾರಸಿಯ ಮೇಲೆ ಬಟ್ಟೆ ಹರವುವಾಗ, ಪಕ್ಕದ ಮನೆಯಲ್ಲಿ ದುಡಿಯುವ ಊರಿನವಳೇ ಆದ ಜೆನೆಬೆಚ್‌ಗೆ ಇದನ್ನು ಹೇಳಿದಳು.

"ಏಳು ತಿಂಗಳದ್ದೂ ಮೇಡಂ ಹತ್ರಾನೇ ಇದೆ ಅಕ್ಕಾ. ಪ್ರತಿ ಸಲ ಇಶಿ ಅಂತಾಳೆ."

ಜೆನೆಬೆಚ್ ಬಟ್ಟೆಯ ಕ್ಲಿಪ್ಪು ಬಾಯಿಂದ ತೆಗೆದಳು. "ಇಶಿ ಅಂದ್ರೆ ಇವರ ಮಾತಲ್ಲಿ ಆಯ್ತು ಅಂತ ಅಲ್ಲ ಕಣೇ ಪೆದ್ದಿ, ವಸ್ತು ಅಂತ. ಮಾ ಫೀ ಇಶಿ ಅಂದ್ರೆ ಏನೂ ಇಲ್ಲ. ಏಳು ತಿಂಗಳಿಂದ ಅವಳು ಏನೂ ಇಲ್ಲ, ಹೋಗು ಅಂತಿದ್ದಾಳೆ, ನೀನು ಆಯ್ತು ಆಯ್ತು ಅಂತ ಬರ್ತಿದ್ದೀಯ!"

ವರ್ಕಿನೇಶ್ ಒದ್ದೆ ಬಟ್ಟೆಯ ಬುಟ್ಟಿಯನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದಳು. ಇಷ್ಟು ದಿನ ತನ್ನ ಸುಲಿಗೆಗೆ ತಾನೇ ಒಪ್ಪಿಗೆ ಕೊಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಅಡುಗೆಮನೆಯಲ್ಲಿ ಉಮ್ ಸಖರ್ ಕುರಿಮಾಂಸ ಕೊಚ್ಚುತ್ತಿದ್ದಳು.

"ನನ್ನ ಸಂಬಳ ಕೊಡಿ ಮೇಡಂ. ಏಳು ತಿಂಗಳದ್ದೂ."

"ಸಂಬಳವಂತೆ! ನಿನ್ನ ತರಿಸೋಕೆ ಏಜೆಂಟ್ ಆಫೀಸಿಗೆ ನಾಲ್ಕು ಸಾವಿರ ದಿನಾರ್ ಸುರಿದಿದ್ದೀನಿ. ಫಿಲಿಪ್ಪೀನ್ಸಿನವಳಾದ್ರೆ ತಿಂಗಳಿಗೆ ಮುನ್ನೂರು ಕೇಳ್ತಾಳೆ, ನಿಮ್ಮ ದೇಶದ್ದಾದ್ರೆ ನೂರೈವತ್ತು ಸಾಕು, ಅಗ್ಗ ಅಂತ ನಿನ್ನ ತರಿಸಿದೆ. ಹಾಕಿದ ದುಡ್ಡು ಹುಟ್ಟೋವರೆಗೂ ಗೇಯಿ, ಕತ್ತೆ."

"ಆಫೀಸಿನವನ ಹೊಟ್ಟೆ ತುಂಬಿದ್ರೆ ನನ್ನದು ತುಂಬ್ತದಾ? ಅವನನ್ನೇ ಕರೆಸಿ ನೆಲ ಒರೆಸಿಕೊಳ್ಳಿ."

ಮೇಡಂ ಮಚ್ಚನ್ನು ಹಲಗೆಯ ಮೇಲೆ ಬಿಟ್ಟು, ನೆಲ ಒರೆಸುವ ಕೋಲಿನ ಕಬ್ಬಿಣದ ಹಿಡಿ ಎತ್ತಿಕೊಂಡಳು. ಮೊದಲ ಏಟು ಕಿವಿಗೆ, ಎರಡನೆಯದು ಬೆನ್ನಿಗೆ. ವರ್ಕಿನೇಶ್ ನೆಲಕ್ಕೆ ಬಿದ್ದು ತಲೆಗೆ ಕೈ ಅಡ್ಡ ಹಿಡಿದಳು. ಏಟು ಬೆರಳಿನ ಗೆಣ್ಣುಗಳ ಮೇಲೆ ಬಿತ್ತು. ಗಲಾಟೆ ಕೇಳಿ ಮೇಡಂ ಗಂಡ, ವರ್ಕಿನೇಶ್ ಬಾಬಾ ಎಂದು ಕರೆಯುವ ಅಬು ಸಖರ್ ಓಡಿಬಂದ. ಬಿಡಿಸುತ್ತಾನೆ ಅಂದುಕೊಂಡಳು ಪಾಪ.

"ಕೈಗೆ ಹೊಡೀಬೇಡ ಕಣೇ! ಬುದ್ಧಿ ಇದ್ಯಾ ನಿಂಗೆ? ಬೆನ್ನಿಗೆ ಹೊಡಿ. ಕೈ ಮುರಿದ್ರೆ ಇನ್ನೊಬ್ಬಳಿಗೆ ಮತ್ತೆ ನಾಲ್ಕು ಸಾವಿರ ನಿಮ್ಮಪ್ಪ ಕೊಡ್ತಾನಾ?"

ಉಮ್ ಸಖರ್‌ಗೂ ಅದು ಹೌದೆನಿಸಿತು, ಕೋಲು ತಗ್ಗಿಸಿದಳು. ಕೆಳಗೆ ಬಿದ್ದಿದ್ದ ವರ್ಕಿನೇಶ್‌ಗೆ ಮಾತ್ರ ಏಳು ತಿಂಗಳಲ್ಲಿ ಅರ್ಥವಾಗದ ಲೆಕ್ಕ ಆ ಒಂದು ಮಾತಿಗೆ ಅರ್ಥವಾಯಿತು. ಇವರಿಗೆ ತಾನು ಬೇಡ, ತನ್ನ ಕೈ ಬೇಕು.

ಎದ್ದಳು. ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. ಹಲಗೆಯ ಮೇಲಿನ ಮಾಂಸವನ್ನು ಒಂದೇ ಸಲಕ್ಕೆ ನೆಲಕ್ಕೆ ತಳ್ಳಿ, ಎಡಗೈ ಚಾಚಿಟ್ಟು, ಬಲಗೈಯಲ್ಲಿ ಮಚ್ಚು ಎತ್ತಿದಳು.

"ಸಂಬಳ, ಪಾಸ್‌ಪೋರ್ಟು ಇಲ್ಲಿಡಿ ಬಾಬಾ. ಇಲ್ಲಾಂದ್ರೆ ಈ ಕೈ ನಿಮಗೂ ಇಲ್ಲ, ನನಗೂ ಇಲ್ಲ."

ಅಬು ಸಖರ್ ನಕ್ಕ. "ಹೆದರಿಸ್ತಾಳೆ ನೋಡೇ. ಕಡ್ಕೊಳ್ಳೇ, ಕಡ್ಕೋ ನೋಡೋಣ."

ಬಡವನ ಕೋಪ ದವಡೆಗೆ ಮೂಲ ಎಂದು ಹೇಳಿದವನು ಇವಳನ್ನು ನೋಡಿರಲಿಲ್ಲ. ಜಡೆ ಹೆಣೆಯಲು ಎಡಗೈಯ ಕಿರುಬೆರಳು ಅಷ್ಟಾಗಿ ಬೇಕಾಗುವುದಿಲ್ಲ ಎಂದು ಅವಳು ಅಷ್ಟರಲ್ಲಿ ಯೋಚಿಸಿಯೂ ಆಗಿತ್ತು. ಮಚ್ಚು ಬಿತ್ತು. ಬೆರಳು ಕುರಿಮಾಂಸದ ಜೊತೆ ನೆಲಕ್ಕೆ ಹಾರಿತು. ಉಮ್ ಸಖರ್ ಕಿರುಚಿ ಗೋಡೆಗೆ ಒರಗಿದಳು. ವರ್ಕಿನೇಶ್ ಹಲ್ಲು ಕಚ್ಚಿ, ರಕ್ತ ಚಿಮ್ಮುವ ಕೈಯನ್ನು ಸರಿಪಡಿಸಿಟ್ಟು, ಪಕ್ಕದ ಬೆರಳಿಗೆ ಗುರಿ ಹಿಡಿದಳು.

"ಇನ್ನೂ ನಾಲ್ಕಿವೆ ಬಾಬಾ. ಎಷ್ಟು ಬೆರಳಿರೋ ಕೆಲಸದವಳು ಬೇಕು ನಿಮಗೆ?"

ಅಬು ಸಖರ್ ಒಳಗೆ ಓಡಿದ. ಬೀರು ತೆರೆದ ಸದ್ದಾಯಿತು. ಪಾಸ್‌ಪೋರ್ಟು ತಂದು ಮೇಜಿನ ಮೇಲಿಟ್ಟ, ಅದರ ಮೇಲೆ ನೋಟುಗಳನ್ನು ಇಡುತ್ತಾ ಹೋದ. ಆರು ತಿಂಗಳದ್ದು ಇಟ್ಟು ನಿಲ್ಲಿಸಿದ.

"ಈ ತಿಂಗಳು ಇನ್ನೂ ಮುಗಿದಿಲ್ವಲ್ಲ" ಅಂದ.

ಅವಳು ಮಚ್ಚು ಎತ್ತಿದಳು. ಅವನು ಏಳನೆಯ ತಿಂಗಳದ್ದೂ ಇಟ್ಟ.