ಎಸೆಕಿಯೇಲು ಹೆಸರು ದಾಟಿಸಿದ್ದು

ನಮ್ಮ ದ್ವೀಪದ ಪಟ್ಟಣ ಆಪಿಯಾದ ಉರಿಬಿಸಿಲಿನಲ್ಲಿ ಮೊಣಕಾಲು ಮುಟ್ಟುವ ಉಣ್ಣೆಯ ಕೋಟು ತೊಟ್ಟು ಮೀನಿನ ಮಾರುಕಟ್ಟೆಗೆ ಹೋಗುವವನು ಎಸೆಕಿಯೇಲು ಒಬ್ಬನೇ. ನಮ್ಮ ಧ್ವನಿ ಸಂಗ್ರಹಾಲಯದ ಯಂತ್ರಕೋಣೆಯ ಶೀತಕ್ಕೆಂದು ತೊಟ್ಟ ಆ ಕೋಟನ್ನು ಹೊರಬಂದ ಮೇಲೂ ತೆಗೆಯಲು ಮರೆಯುವುದು ಆತನ ಇಪ್ಪತ್ತು ವರ್ಷಗಳ ಅಭ್ಯಾಸ. ಕೆಳಗೆ ಸೊಂಟಕ್ಕೆ ಸುತ್ತಿದ ಲಾವಲಾವಾ ಪಂಚೆ, ಕಾಲಿಗೆ ರಬ್ಬರ್ ಚಪ್ಪಲಿ, ನಡಿಗೆಯೋ ತುಂಬಿದ ಕೊಡ ಹೊತ್ತವನದು. ಕುಳಿತ ಹಿರಿಯರ ಮುಂದೆ ಹಾಯುವಾಗ ಬೆನ್ನು ಬಾಗಿಸಿ ‘ತುಲೋ’ ಎಂದು ಅಪ್ಪಣೆ ಬೇಡುವುದು ಇಲ್ಲಿ ಎಲ್ಲರೂ ಪಾಲಿಸುವ ಮರ್ಯಾದೆ. ಎಸೆಕಿಯೇಲು ಮಾತ್ರ ಧ್ವನಿಗಳನ್ನು ಕಾಯುವ ಸರ್ವರ್ ಯಂತ್ರಗಳ ಮುಂದೆಯೂ ಹಾಗೆಯೇ ಬಾಗಿ ಹಾಯುತ್ತಾನೆ. ನಕ್ಕವರಿಗೆ ಆತನ ಉತ್ತರ ಒಂದೇ: “ಒಳಗೆ ಕೂತೋರು ಯಾರು ಅಂತ ಗೊತ್ತಲ್ಲ?”

ಒಳಗೆ ಕೂತವರು, ಮೂವತ್ತು ವರ್ಷಗಳಿಂದ ನಾನು ಹಳ್ಳಿಹಳ್ಳಿ ಅಲೆದು ದಾಖಲಿಸಿಕೊಂಡ ಹನ್ನೊಂದು ಸಾವಿರ ಧ್ವನಿಮುದ್ರಿಕೆಗಳ ವೃದ್ಧರು. ಬಹುಪಾಲು ಈಗ ಇಲ್ಲದವರು. ಜೋಡಿ ಸರ್ವರ್‌ಗಳೆರಡೂ ಒಂದೇ ಹೆಸರಿಗೆ ಓಗೊಡುತ್ತಿದ್ದವು. ಒಂದು ಮುಗ್ಗರಿಸಿದರೆ ಇನ್ನೊಂದು ಕೆಲಸ ವಹಿಸಿಕೊಳ್ಳುತ್ತಿತ್ತು. ಬಹುಕಾಲ ಯಾರೂ ಕೇಳದ ಧ್ವನಿಯನ್ನು ದಾಸ್ತಾನಿನ ತಂತ್ರಾಂಶವು ಟೇಪುಗಳ ಭಂಡಾರಕ್ಕೆ ಸಾಗಿಸಿ, ಸರ್ವರಿನಲ್ಲಿ ಗುರುತಿನ ಚೀಟಿಯೊಂದನ್ನಷ್ಟೇ ಉಳಿಸುತ್ತಿತ್ತು. ಚೀಟಿಯನ್ನು ಮುಟ್ಟಿದರೆ ಧ್ವನಿ ಭಂಡಾರದಿಂದ ಮರಳಿ ಬರಬೇಕು.

ಆ ಜೋಡಿ ಮುದಿಯಾಗಿ ಗೊರಗುಟ್ಟತೊಡಗಿದಾಗ ಹಡಗಿನಲ್ಲಿ ಹೊಸ ಜೋಡಿ ಬಂತು; ಅದನ್ನು ಹೂಡಲು ಡಾರಿಲ್ ಬಂದ, ಆಕ್ಲೆಂಡಿನಲ್ಲಿ ಹುಟ್ಟಿ ಬೆಳೆದ ನಮ್ಮವನೇ. ಎಲ್ಲವನ್ನೂ ನಕಲಿಸಿ, ಹೊಸ ಜೋಡಿಗೆ ಹೊಸ ಹೆಸರಿಟ್ಟು, ಎಣಿಕೆ ತಾಳೆಯಾಯಿತು, ಹಳೆಯದನ್ನು ಇನ್ನು ಗುಜರಿಗೆ ಹಾಕಬಹುದು ಎಂದ. ಎಣಿಕೆಯನ್ನೆಂದೂ ನಂಬದ, ಒಂದಾದರೂ ಧ್ವನಿಯನ್ನು ಕೊನೆತನಕ ಕೇಳದೆ ಏಳದ ಎಸೆಕಿಯೇಲು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಚಾಪೆ ಹೆಣೆಯುತ್ತಿದ್ದ ಫಿಲಿಗಾ ಅಜ್ಜಿಯ ಧ್ವನಿಮುದ್ರಿಕೆಯನ್ನು ಹೊಸದರಲ್ಲಿ ತೆರೆದ. ಊರಿತ್ತು, ದಿನಾಂಕವಿತ್ತು, ಧ್ವನಿಯಿರಲಿಲ್ಲ. ನಕಲಾದವು ಚೀಟಿಗಳು ಮಾತ್ರ. ಭಂಡಾರವೋ ಹಳೆಯ ಹೆಸರು ಹೇಳಿ ಬಂದವರಿಗಷ್ಟೇ ಬಾಗಿಲು ತೆರೆಯುತ್ತಿತ್ತು.

ಹಾಗಾದರೆ ಹಳೆಯ ಹೆಸರನ್ನೇ ಹೊಸ ಜೋಡಿಗೆ ಇಡಬೇಕೆಂದ ಎಸೆಕಿಯೇಲು.

“ಸತ್ತೋರ ಹೆಸರು ಇಡೋಕೆ ಇದೇನು ಮೊಮ್ಮಗುನಾ, ಅಣ್ಣಾ?” ಡಾರಿಲ್ ನಕ್ಕ.

“ಮನೆತನದ ಪದವಿಯ ಹೆಸರು ಕೊಡದೆ ಒಬ್ಬನ್ನ ತಂದು ಸಭೆಯಲ್ಲಿ ಯಜಮಾನನ ಕಂಬಕ್ಕೆ ಒರಗ್ಸಿ ಕೂರ್ಸಿದ್ರೆ, ಅವನ ಮಾತು ಯಾರಪ್ಪಾ ಕೇಳ್ತಾರೆ? ನಿಮ್ಮಜ್ಜಿ ಇಷ್ಟೂ ಹೇಳ್ಕೊಡ್ಲಿಲ್ವಾ?”

ಆದರೆ ಒಂದು ಹೆಸರನ್ನು ಎರಡು ಜೋಡಿಗಳು ಏಕಕಾಲಕ್ಕೆ ಧರಿಸಲಾರವು; ಹಳೆಯದನ್ನು ಮೊದಲು ನಿಲ್ಲಿಸಬೇಕು, ನಿಲ್ಲಿಸಿದರೆ ಅದು ಮತ್ತೆ ಏಳುವ ಭರವಸೆಯಿರಲಿಲ್ಲ. ಹೊಸದು ಆ ಹೆಸರನ್ನು ಹೊರಲಾರದೆ ಹೋದರೆ ಹನ್ನೊಂದು ಸಾವಿರ ಧ್ವನಿಗಳಿಗೂ ಹೊರಬರುವ ದಾರಿ ಮುಚ್ಚಿದಂತೆ.

ಶನಿವಾರ ಬೆಳಿಗ್ಗೆ ಆತ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ತುಲೋ ಎಂದು ಬಾಗಿ, ಹಳೆಯ ಯಂತ್ರಗಳನ್ನು ಒಂದಾದ ಮೇಲೊಂದು ನಿಲ್ಲಿಸಿದ. ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಆ ಮೂಲೆ ನಿಶ್ಶಬ್ದವಾಯಿತು. ಹೊಸ ಜೋಡಿಗೆ ಹೆಸರು ಕೊಟ್ಟು, ಫಿಲಿಗಾ ಅಜ್ಜಿಯ ಚೀಟಿಯನ್ನು ಮುಟ್ಟಿ, ನೆಲಕ್ಕೆ ಕುಳಿತ. ನಾನೂ ಕುಳಿತೆ. ಭಂಡಾರ ಟೇಪು ಹುಡುಕುವ ಹೊತ್ತು ಅದೆಷ್ಟು ದೀರ್ಘವೆಂದು ಅಂದೇ ನನಗೆ ತಿಳಿದದ್ದು. ಡಾರಿಲ್ ಉಗುರು ಕಚ್ಚುತ್ತ ನಿಂತಿದ್ದ.

“ಕೂತ್ಕೋ ತಮ್ಮಾ, ನಿಂತೋರ ಹತ್ರ ಅಜ್ಜಿ ಮಾತಾಡಲ್ಲ,” ಎಂದ ಎಸೆಕಿಯೇಲು.

ಅವನೂ ಕುಳಿತ. ಎಲ್ಲೋ ಹುಂಜವೊಂದು ಕೂಗಿತು. ಯಾರೋ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

“ಎಲ್ರೂ ಕೂತ್ರಾ?” ಎಂದಳು ಫಿಲಿಗಾ ಅಜ್ಜಿ. “ಸರಿ, ಹೇಳ್ತೀನಿ.”

ಐವತ್ತು ನಿಮಿಷ ಎಸೆಕಿಯೇಲು ಕದಲಲಿಲ್ಲ, ಡಾರಿಲ್ ಕೂಡ.

ಹೇಳಿದವರ ಹೆಸರಿಗೆ ನಮ್ಮ ಪಟ್ಟಿಯಲ್ಲಿ ಅಂಕಣವಿದೆ, ದಾಖಲಿಸಿದವರ ಹೆಸರಿಗೂ ಇದೆ. ಮಾತನ್ನು ಸವೆದ ಯಂತ್ರದಿಂದ ಹೊಸ ಯಂತ್ರಕ್ಕೆ ದಾಟಿಸುವವರ ಹೆಸರಿಗೆ ಇಲ್ಲ. ಅವರೂ ಅದನ್ನು ಕೇಳುವವರಲ್ಲ. ಈ ಹೊಸ ಜೋಡಿಯೂ ಒಂದು ದಿನ ಗೊರಗುಟ್ಟೀತು. ಎಣಿಕೆ ತಾಳೆಯಾದ ಮೇಲೂ ನೆಲಕ್ಕೆ ಕುಳಿತು ಕಿವಿಗೊಡುವ ಇಂಥವರೊಬ್ಬರು ಆಗಲೂ ಇದ್ದರೆ, ಅಜ್ಜಿ ಗಂಟಲು ಸರಿಮಾಡಿಕೊಂಡು ಹೇಳಿಯೇ ಹೇಳುತ್ತಾಳೆ.